ಒಂಬತ್ತನೆಯ ಉಂಗುರ

ಅಪ್ಪಾ,

ಇವತ್ತು ಬೆಳಿಗ್ಗೆ ದೋಣಿ ನಡೆಸುವವರು ಅಂಗಡಿಗೆ ಬಂದಿದ್ದರು. ನೀವು ಕಟ್ಟಿದ ಕೊನೆಯ ಗಾಳದ ಕೋಲು ಅವರ ಕೈಯಲ್ಲಿತ್ತು. ದಾರ ಹಾಯಲು ಕಟ್ಟಿದ ಉಂಗುರಗಳಲ್ಲಿ ನಾಲ್ಕನೇ ಮತ್ತು ಐದನೇದರ ನಡುವೆ ದಾರ ಉಜ್ಜಿ ಉಜ್ಜಿ ಕೋಲಿನ ಮೈ ಸವೆದಿದೆ. "ದೊಡ್ಡ ಮೀನು ಎಳೆದ್ರೆ ಇಲ್ಲೇ ಮುರಿಯುತ್ತೆ ಕಣಮ್ಮ," ಎಂದರು.

ದಾರ ಸುತ್ತುವ ರೀಲು ಮೇಲ್ಬದಿಗೆ ಕೂರುವ ಕೋಲಿಗೆ ಉಂಗುರ ಒಂದು ಹೆಚ್ಚೇ ಇರಲಿ, ಬಾಗಿದಾಗ ದಾರ ಮೈಗೆ ತಾಗಬಾರದು ಎಂದು ನೀವು ಹೇಳಿ ಹೇಳಿ ನನಗೆ ಬಾಯಿಪಾಠವಾಗಿತ್ತು. ಆದರೂ ಈ ಕೋಲಿಗೆ ಉಂಗುರ ಕಟ್ಟಿದ ಸಂಜೆ ನೀವು ಮನೆಗೆ ಹೋದ ಮೇಲೆ, ಕೋಲು ಹಗುರಾಗಲಿ ಎಂಬ ಅತಿಬುದ್ಧಿಯಿಂದ, ಒಂಬತ್ತರಲ್ಲಿ ಒಂದನ್ನು ಬಿಚ್ಚಿ ಉಳಿದವನ್ನು ದೂರ ದೂರ ಸರಿಸಿ ಕಟ್ಟಿದೆ. ಮರುದಿನ ನೀವು ಉಂಗುರಗಳ ಮೇಲೆ ಒಮ್ಮೆ ಬೆರಳಾಡಿಸಿದಿರಿ. ನನ್ನ ಮುಖ ನೋಡಿದಿರಿ. ಆಮೇಲೆ ವಾರ್ನಿಷ್ ಡಬ್ಬಿ ತೆರೆದಿರಿ.

ಅವರಿಗೆ ಹೊಸ ಕೋಲು ಕಟ್ಟುತ್ತಿದ್ದೇನೆ. ಒಂಬತ್ತು ಉಂಗುರಗಳನ್ನೂ ಸದ್ಯಕ್ಕೆ ಟೇಪಿನಿಂದ ಅಂಟಿಸಿ, ದಾರಕ್ಕೆ ತೂಕ ಕಟ್ಟಿ ಬಗ್ಗಿಸಿದೆ. ದಾರ ಎಲ್ಲೂ ತಾಗಲಿಲ್ಲ. ನಂಬಿಕೆ ಬರದೆ ಐದು ಸಲ ನೋಡಿದೆ. ನಾಳೆ ಅವರು ಮತ್ತೆ ಬರುತ್ತಾರೆ.

ಬೆಳಿಗ್ಗೆ ಹೊರಡುವಾಗ ಅವರು ಬಾಗಿಲಲ್ಲಿ ನಿಂತು, "ಪಾಪ, ಕೊನೇಲಿ ನಿಮ್ಮಪ್ಪನಿಗೆ ಕಣ್ಣು ಸರಿಯಾಗಿ ಕಾಣ್ತಿರ್ಲಿಲ್ಲ ಅನ್ಸುತ್ತೆ, ಅಲ್ವಾ?" ಎಂದು ಕೇಳಿದರು.

ನಾನು ಹೌದೆಂದು ತಲೆಯಾಡಿಸಿದೆ.