ಎಡಗಡೆಯ ಡೋಲು

ಚೆಲುವಯ್ಯ,

ಓದಲು ನೀನಿಲ್ಲ. ಆದರೂ ಇದನ್ನು ಹೇಳಲು ನನಗೆ ಬೇರೆ ಯಾರೂ ಇಲ್ಲ.

ಇವತ್ತು ಮರಳವಾಡಿಯ ಮದುವೆಯಲ್ಲಿ ನಾದಸ್ವರವನ್ನು ಅರ್ಧಕ್ಕೇ ಕೆಳಗಿಟ್ಟೆ. ನೀನು ಹೋದ ಮೇಲೆ ಡೋಲಿಗೆ ಬರುತ್ತಿರುವ ಪುಟ್ಟಸ್ವಾಮಿ ಗಾಬರಿಯಾದ.

"ಶ್ರುತಿ ಪೆಟ್ಟಿಗೆ ಕೆಟ್ಟೋಗೈತೆ ಕಣೋ, ಎರಡು ಸ್ವರ ಬತ್ತಾವೆ" ಅಂದೆ.

ಅವನು ಬಗ್ಗಿ ಕಿವಿಗೊಟ್ಟ. "ಸರಿಯಾಗೇ ಐತಲ್ಲಣ್ಣ, ಒಂದೇ ಸ್ವರ."

ಬಲಗಿವಿ ಮುಚ್ಚಿಕೊಂಡು ಕೇಳಿದೆ, ಸ್ವರ ಸ್ವಲ್ಪ ಏರಿತ್ತು. ಎಡಗಿವಿ ಮುಚ್ಚಿಕೊಂಡರೆ ಸರಿಯಾಗಿತ್ತು. ಎಡಗಿವಿಗೆ ಹತ್ತಿ ತುರುಕಿಕೊಂಡೇ ಧಾರೆ ಮುಗಿಯುವವರೆಗೆ ನುಡಿಸಿದೆ.

ಊಟಕ್ಕೂ ಕೂರದೆ ಬಸ್ಸು ಹತ್ತಿ ಕನಕಪುರದ ಕಿವಿ ಡಾಕ್ಟರ ಹತ್ತಿರ ಹೋದೆ. ಕಿವಿಯೊಳಗೆ ಬಸವನಹುಳುವಿನ ಚಿಪ್ಪಿನಂಥ ಒಂದು ಸುರುಳಿ ಇದೆಯಂತೆ. ಅದರೊಳಗಿನ ಕೂದಲಿನಂಥ ಸಣ್ಣ ಎಳೆಗಳು ಎಡಗಡೆ ಬಹಳಷ್ಟು ಸತ್ತಿವೆಯಂತೆ. ಅದಕ್ಕೇ ಒಂದೇ ಸ್ವರ ನನಗೆ ಎರಡಾಗಿ ಕೇಳುತ್ತಿದೆ. ಸತ್ತ ಎಳೆಗಳು ಮತ್ತೆ ಚಿಗುರುವುದಿಲ್ಲ ಎಂದರು.

"ಎಡಗಿವಿ ಪಕ್ಕದಲ್ಲೇ ಜೋರು ಸದ್ದು ಏನಾದ್ರೂ ಇತ್ತಾ, ಬಹಳ ವರ್ಷ?" ಎಂದು ಕೇಳಿದರು.

ಮೀಸೆ ಚಿಗುರಿದಂದಿನಿಂದ ನೀನು ತೀರಿಕೊಳ್ಳುವ ಹಿಂದಿನ ವಾರದವರೆಗೂ ಆ ಪಕ್ಕದಲ್ಲಿ ಕೂರುತ್ತಿದ್ದವನು ನೀನು. ನಿನ್ನ ಮೊಣಕೈ ನನ್ನ ಪಕ್ಕೆಗೆ ತಾಗುತ್ತಿತ್ತು. ನಾನು ತಾಳ ತಪ್ಪಿದರೆ ನೀನು ಡೋಲಿಗೆ ಒಂದು ಪೆಟ್ಟು ಜೋರಾಗಿ ಕೊಟ್ಟು, "ಇತ್ಲಾಗ್ ಬಾರ್ಲಾ" ಎಂದು ನಗುತ್ತಿದ್ದೆ.

"ಇಲ್ಲ ಸಾರ್" ಅಂದೆ. "ಆ ಕಡೆ ಏನೂ ಇರ್ಲಿಲ್ಲ."