ಹೊಸ ಬಂದೂಕಿನ ಅರ್ಜಿ

ಮಾನ್ಯ ಜಿಲ್ಲಾಧಿಕಾರಿಗಳಿಗೆ ಗಲಗಲಿಯ ಈರಸಂಗಪ್ಪ ಯಡಹಳ್ಳಿ ಮಾಡುವ ನಮಸ್ಕಾರಗಳು.

ಕಬ್ಬಿಗೆ ನುಗ್ಗುವ ಕಾಡುಹಂದಿ ಓಡಿಸಲು ನಲವತ್ತು ವರ್ಷದಿಂದ ನನ್ನಲ್ಲಿ ಪರವಾನಗಿ ಬಂದೂಕು ಇದೆ. ಈಚೆಗೆ ಅದರ ಗುರಿ ತಪ್ಪುತ್ತಿದೆ, ಹೊಸದು ಕೊಳ್ಳಲು ಅನುಮತಿ ಕೊಡಿ ಎಂದು ಹೋದ ತಿಂಗಳು ಅರ್ಜಿ ಹಾಕಿದ್ದೆ. ವಯಸ್ಸು ಎಪ್ಪತ್ತೊಂಬತ್ತು ಎಂದು ನಿಮ್ಮ ಗುಮಾಸ್ತರು ಹಿಂದೆಮುಂದೆ ನೋಡಿದಾಗ, "ವಯಸ್ಸ ಏನ್ ಕೇಳ್ತೀರಿ, ಕಣ್ಣ ನೋಡ್ರಿ" ಎಂದು ಜಗಳಾಡಿದೆ. ಅವರಲ್ಲಿ ನನ್ನ ಪರವಾಗಿ ಕ್ಷಮೆ ಕೇಳಿರಿ.

ಅರ್ಜಿಯ ಜೊತೆಗಿರುವ ಕಣ್ಣಿನ ಸರ್ಟಿಫಿಕೇಟನ್ನು ನಂಬಬೇಡಿ. ಆಸ್ಪತ್ರೆಯಲ್ಲಿ ನನ್ನ ಮುಂದಿದ್ದವರು ಓದಿದ ಅಕ್ಷರಗಳನ್ನು ಕೇಳಿ ಬಾಯಿಪಾಠ ಮಾಡಿಕೊಂಡು ಡಾಕ್ಟರರಿಗೆ ಒಪ್ಪಿಸಿದ್ದೆ.

ಮೊನ್ನೆ ಸಂಜೆ ಕಬ್ಬು ಅಲುಗಾಡಿತು. ಹಳೆಯ ಬಂದೂಕಿನಿಂದಲೇ ಹೊಡೆದೆ. ಪುಣ್ಯಕ್ಕೆ ಗುರಿ ತಪ್ಪಿತು. ಅಲ್ಲಿಂದ ಎದ್ದು ನಿಂತವಳು, ಎಮ್ಮೆಗೆ ಮೇವು ಕೊಯ್ಯಲು ಕೂತಿದ್ದ ನನ್ನ ಹೆಂಡತಿ ಶಾವಂತ್ರೆವ್ವ.

ಆದ್ದರಿಂದ ನನ್ನ ಅರ್ಜಿಯನ್ನು ತಿರಸ್ಕರಿಸಬೇಕು. ಕಾರಣ ವಯಸ್ಸು ಎಂದಷ್ಟೇ ಬರೆಯಿರಿ. ಹಳೆಯ ಬಂದೂಕನ್ನು ಸೋಮವಾರ ಠಾಣೆಗೆ ಒಪ್ಪಿಸುತ್ತೇನೆ. ಉತ್ತರ ಮನೆಯ ವಿಳಾಸಕ್ಕೇ ಬರಲಿ. ಬಂದೂಕು ಯಾಕೆ ಬಿಟ್ಟುಕೊಟ್ಟಿರಿ ಎಂದು ಶಾವಂತ್ರೆವ್ವ ಕೇಳಿದರೆ ತೋರಿಸಲು ನನಗೊಂದು ಸರ್ಕಾರಿ ಕಾಗದ ಬೇಕು.

ಆ ಸಂಜೆ ಅವಳು ಸೆರಗಿನ ಮಣ್ಣು ಕೊಡವುತ್ತ ಕೇಳಿದ್ದು ಇಷ್ಟೇ: "ಹಂದಿ ಹೋತೇನ್ರಿ?"

"ಹೋತು" ಎಂದೆ.

ತಮ್ಮ ವಿಧೇಯ,
ಈರಸಂಗಪ್ಪ
(ಈ ಕಾಗದ ಬರೆಯುವಾಗ ಕನ್ನಡಕ ಹಾಕಿಕೊಂಡಿದ್ದೇನೆ.)