ಎದುರು ಮನೆಯ ಬರಿ ಹೊಸ್ತಿಲು

ಮಲಪ್ರಭೆಯ ಪಾತ್ರದ ಪಕ್ಕ, ಮಗ್ಗದ ಓಣಿ.
ನೆರಳು ಕಟ್ಟಿದ ತೊಂಬತ್ತನೆಯ ವರ್ಷ, ಎರಡನೆಯ ಬೇಸಿಗೆ.

ಹಿಂದಿನವರೇ,

ನಿಮ್ಮ ಲೆಕ್ಕದಲ್ಲಿ ಇದು ಎರಡು ಸಾವಿರದ ಇನ್ನೂರ ಮೂವತ್ತರ ಆಸುಪಾಸು. ಸರಿಯಾಗಿ ಹೇಳಲು ನನಗೆ ಬರುವುದಿಲ್ಲ, ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವಳು ನಾನು. ನಮಗೆ ವರ್ಷಕ್ಕೆ ಎರಡು ಬೇಸಿಗೆ. ಅದು ಹೇಗೆ ಎಂದು ನನ್ನನ್ನು ಕೇಳಬೇಡಿ. ಉತ್ತರ ಹೇಳಬೇಕಾದವರು ನೀವು. ಕಾಗದದಲ್ಲಿ ನಿಮಗೆ ತಿಳಿಯದ ಪದಗಳು ಬಂದರೆ ಕ್ಷಮಿಸಿ. ಒಂದು ಸಲ ಕೇಳಿದ್ದೇನೆ, ಮತ್ತೆ ಕೇಳುವುದಿಲ್ಲ.

ಇದು ಹಿಂದಂಚೆಯಲ್ಲಿ ಬರುತ್ತದೆ. ಹಿಂದಂಚೆ ಎಂದರೆ ಕಳೆದುಹೋದ ಕಾಲಕ್ಕೆ ಹೋಗುವ ಟಪಾಲು. ಎಪ್ಪತ್ತು ದಾಟಿದವರಿಗೆ ಊರು ಒಂದೊಂದು ಕಾಗದದ ಹಕ್ಕು ಕೊಡುತ್ತದೆ. ತಲುಪುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಏಕೆಂದರೆ ನಿಮ್ಮಲ್ಲಿ ಒಬ್ಬರೂ ಉತ್ತರ ಬರೆದಿಲ್ಲ. ಹೆಚ್ಚಿನವರು ನೀರಿನ ವಿಷಯಕ್ಕೆ ನಿಮ್ಮನ್ನು ಬೈದು ಬರೆಯುತ್ತಾರೆ. ಬೈಯುವುದರಲ್ಲಿ ನನಗೆ ಸಮನಿಲ್ಲ ಎಂದು ಓಣಿಯಲ್ಲಿ ಹೆಸರಿದೆ, ಆದರೂ ನಾನು ಬರೆಯುವುದು ಬೇರೆ. ನಿಮ್ಮಲ್ಲಿ ಒಂದು ಒಳ್ಳೆಯ ವಿದ್ಯೆ ಇತ್ತು. ಅರಿವಿನ ವರ್ತನಾ ಚಿಕಿತ್ಸೆ ಎಂದು ಹೆಸರು, ಸಿಬಿಟಿ ಎನ್ನುತ್ತಿದ್ದಿರಂತೆ. ನೀವು ಅದನ್ನು ಬಾಗಿಲು ಮುಚ್ಚಿದ ಕೋಣೆಯಲ್ಲಿ ಎದುರುಬದುರು ಕೂತು ಮಾಡುತ್ತಿದ್ದಿರಿ. ನಮ್ಮಲ್ಲಿ ಅದು ಬಾಗಿಲ ಹೊರಗೆ ಬಂದಿದೆ. ಅದರಿಂದ ಆದ ಒಳ್ಳೆಯದನ್ನೂ, ನಾವು ಮಾಡಿದ ಪೆದ್ದುತನವನ್ನೂ ಹೇಳುತ್ತೇನೆ. ಬೇಗ ಹೇಳಬೇಕು. ಎದುರು ಮನೆಯ ಫಕೀರವ್ವನ ಹೊಸ್ತಿಲು ಬರಿದಾಗಿದೆ. ಇವತ್ತು ನಾನು ಎದ್ದು ಹೋಗದಿದ್ದರೆ ಆಕೆ ನಮಗೆ ಉಳಿಯುವುದಿಲ್ಲ. ಎದ್ದು ಹೋಗಲು ನನಗೆ ಮನಸ್ಸಿಲ್ಲ. ಈ ಎರಡೂ ಮಾತು ನಿಜ.

ಮೊದಲು ನೆರಳಿನ ಮಾತು. ನಮ್ಮ ಹಿರಿಯರು ಸೀರೆ ನೇಯುತ್ತಿದ್ದ ಮಗ್ಗಗಳಲ್ಲೇ ನಾವು ನೆರಳು ನೇಯುತ್ತೇವೆ. ಓಣಿಯ ಮೇಲೆ, ಮನೆಯ ಮಾಳಿಗೆಯಿಂದ ಮಾಳಿಗೆಗೆ, ಬೂದು ಬಣ್ಣದ ದಪ್ಪ ಬಟ್ಟೆ ಎಳೆದು ಕಟ್ಟಿರುತ್ತದೆ. ಅದರ ಕೆಳಗೇ ಸಂತೆ, ಅದರ ಕೆಳಗೇ ಶಾಲೆ, ಮದುವೆ, ಜಗಳ. ಹರಿದಲ್ಲಿ ಬಿಸಿಲು ಈಟಿಯ ಹಾಗೆ ಇಳಿಯುತ್ತದೆ. ಆ ಜಾಗದಲ್ಲಿ ಕೊತ್ತಂಬರಿ ಮಾರುವವಳು ಕೂರುವುದಿಲ್ಲ, ನಾಯಿಯೂ ಮಲಗುವುದಿಲ್ಲ. ಹರಿದದ್ದನ್ನು ಹೊಲಿಯುವುದು ನನ್ನ ಕೆಲಸ. ಇಬ್ಬರು ಬೇಕು. ಒಬ್ಬಳು ಏಣಿಯ ಮೇಲೆ, ಒಬ್ಬಳು ಕೆಳಗೆ ಹಗ್ಗ ಹಿಡಿದು. ನಾನು ಮೇಲೆ, ತಂಗಿ ಪಾರವ್ವ ಕೆಳಗೆ. ಬೆಳಿಗ್ಗೆ ಅಂಬಲಿ ಕುಡಿದು ಹೊರಟರೆ ಬಿಸಿಲು ನೆತ್ತಿಗೆ ಬರುವ ಮುಂಚೆ ಇಳಿಯುತ್ತಿದ್ದೆವು. ನಾನು ಮೇಲಿನಿಂದ ಬೈಯುತ್ತಿದ್ದೆ, ಆಕೆ ಕೆಳಗಿನಿಂದ ನಗುತ್ತಿದ್ದಳು. ಹೆಚ್ಚು ಕಡಿಮೆ ಬದುಕು ಅಷ್ಟೇ ಆಗಿತ್ತು, ಸಾಕಾಗಿತ್ತು.

ನೆರಳಿಗೆ ನಾಲ್ಕು ಮೂಲೆ, ಮೂಲೆಗೊಂದು ಹಗ್ಗ. ನಿಮ್ಮ ಆ ವಿದ್ಯೆಯನ್ನು ನಮಗೆ ಸಣ್ಣವರಿದ್ದಾಗ ಹೀಗೇ ಕಲಿಸಿದರು. ಒಂದು ಮೂಲೆ ಯೋಚನೆ, ಒಂದು ಮೂಲೆ ಭಾವನೆ, ಒಂದು ಮೂಲೆ ಮೈ, ಒಂದು ಮೂಲೆ ಮಾಡುವ ಕೆಲಸ. ಯಾವ ಹಗ್ಗ ಜಗ್ಗಿದರೂ ಇಡೀ ಬಟ್ಟೆ ಸರಿಯುತ್ತದೆ. ಭಾವನೆಯ ಹಗ್ಗ ಎತ್ತರದಲ್ಲಿದೆ, ಕೈಗೆ ಸಿಗುವುದಿಲ್ಲ. ಸಂತೋಷವಾಗಿರು ಎಂದು ಯಾರಿಗಾದರೂ ಹೇಳಿ ನೋಡಿ. ನನಗೆ ಹೇಳಿದರೆ ಕಪಾಳಕ್ಕೆ ಬಾರಿಸುತ್ತೇನೆ. ಆದರೆ ಯೋಚನೆಯದು ಮತ್ತು ಕೆಲಸದ್ದು ಗಿಡ್ಡವರಿಗೂ ಎಟಕುತ್ತದೆ. ಅವೆರಡನ್ನು ಹಿಡಿದು ಜಗ್ಗುವುದೇ ಆ ವಿದ್ಯೆ. ಪುಸ್ತಕ ಓದಿದವರು ಇದನ್ನೇ ಉದ್ದಕ್ಕೆ ಹೇಳುತ್ತಾರೆ.

ಜಗ್ಗುವ ರೀತಿಗೆ ನಮ್ಮಲ್ಲಿ ಹೊಸ್ತಿಲಮಾತು ಎಂದು ಹೆಸರು. ನೀವು ಬೆಳಿಗ್ಗೆ ಬಾಗಿಲ ಮುಂದೆ ರಂಗೋಲಿ ಹಾಕುತ್ತಿದ್ದ ಜಾಗದಲ್ಲಿ ನಾವು ರಂಗೋಲಿ ಪುಡಿಯಿಂದ ಒಂದು ಸಾಲು ಬರೆಯುತ್ತೇವೆ. ಮನಸ್ಸನ್ನು ಕೊರೆಯುತ್ತಿರುವ ಯೋಚನೆ ಯಾವುದೋ ಅದು. ಹೋಗುವವರು ಬರುವವರು ಓದಬಹುದು. ಓದಿದವರು ಬುದ್ಧಿ ಹೇಳುವಂತಿಲ್ಲ, ಸಮಾಧಾನವನ್ನಂತೂ ಹೇಳಲೇಬಾರದು. ಒಂದು ಪ್ರಶ್ನೆ ಮಾತ್ರ ಕೇಳಬಹುದು. ಸಂಜೆಗೆ ಕಸಬರಿಗೆ ಆಡಿಸಿದರೆ ಎಲ್ಲ ಹೋಯಿತು. ನಿನ್ನೆಯದನ್ನು ಎತ್ತಿ ಆಡುವಂತಿಲ್ಲ. ಓಣಿಯ ಕೆಳಗಿನ ಮನೆಗಳ ಸಾಲಿಗೆ ಹೊಸದಾಗಿ ಬಂದ ಸೊಸೆಯೊಬ್ಬಳು ಒಮ್ಮೆ ಬರೆದಿದ್ದಳು: ಅತ್ತೆಗೆ ನಾನು ಬೇಡವಾಗಿದ್ದೇನೆ. ಯಾಕವ್ವಾ ಹಾಗಂದಿ ಎಂದು ದಾರಿಯಲ್ಲಿ ಹೋಗುವವರೊಬ್ಬರು ಕೇಳಿದರು. ಎರಡು ದಿನದಿಂದ ಅತ್ತೆ ಮಾತಾಡಿಲ್ಲ ಎಂದಳು. ಮಾತಾಡದಿರಲು ಬೇರೆ ಏನು ಕಾರಣ ಇರಬಹುದು ಎಂದು ಇನ್ನೊಬ್ಬರು ಕೇಳಿದರು. ಸೊಸೆ ಯೋಚಿಸುತ್ತ ನಿಂತಿದ್ದಾಗ ಅತ್ತೆಯೇ ಗಲ್ಲ ಹಿಡಿದುಕೊಂಡು ಹೊರಗೆ ಬಂದು, ಊದಿದ ದವಡೆ ತೋರಿಸಿ, "ಹಲ್ಲ ಬೇ, ಹಲ್ಲ!" ಎಂದು ಚೀರಿದಳು. ಎಲ್ಲವೂ ಇಷ್ಟು ಸುಲಭವಾಗಿ ಬಗೆಹರಿಯುವುದಿಲ್ಲ, ಆದರೆ ನಾವು ನಂಬಿ ಕೂತ ಎಷ್ಟೋ ಯೋಚನೆ ನಿಜವಲ್ಲ, ಬರೀ ಯೋಚನೆ.

ನೀರಿನ ನಲ್ಲಿ ಮುಚ್ಚಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮತ್ತೆ ಮತ್ತೆ ಮನೆಗೆ ಓಡುವ ಒಬ್ಬನಿದ್ದ. ಅವನಿಗೆ ಪ್ರಶ್ನೆಯಿಂದ ಏನೂ ಆಗಲಿಲ್ಲ. ಅಂಥವರಿಗೆ ಕೇಳುವಕ್ಕ ಇದ್ದಾಳೆ. ನಿಮ್ಮಲ್ಲಿ ಕೋಣೆಯೊಳಗೆ ಕೂರುತ್ತಿದ್ದ ಓದಿದ ಹೆಂಗಸಿನ ಹಾಗೆ, ಆದರೆ ಇವಳು ನಡೆದು ಬರುತ್ತಾಳೆ. ಅವನ ಜೊತೆ ಓಣಿಯ ತುದಿಗೆ ಹೋಗಿ ನಿಂತಳು. ತಿರುಗಿ ಓಡಬೇಡ, ಹೆದರಿಕೆ ಏರಲಿ, ನೋಡುತ್ತ ನಿಲ್ಲು ಎಂದಳು. ಏರಿತು, ಬೆವೆತ, ನನ್ನನ್ನು ಬಿಡಿ ಎಂದು ಕೂಗಾಡಿದ. ಆಮೇಲೆ ತಾನಾಗಿ ಇಳಿಯಿತು. ಮರುದಿನ ಸಂತೆಯವರೆಗೆ, ಆಮೇಲೆ ಹೊಳೆಯ ಪಾತ್ರದವರೆಗೆ. ಈಗ ಅವನು ದೂರದ ಊರಿಗೆ ನೆರಳು ಮಾರಲು ಹೋಗುತ್ತಾನೆ. ನಿದ್ದೆ ಬಾರದವರಿಗೆ, ಮಂದಿಯ ಮುಂದೆ ನಾಲಗೆ ಒಣಗುವವರಿಗೆ, ಎದೆ ಡವಡವ ಎಂದರೆ ಸತ್ತೇ ಹೋದೆ ಎನ್ನುವವರಿಗೆ ಇದು ಹಿಡಿಸುತ್ತದೆ. ನನ್ನ ಸಿಟ್ಟಿಗೆ ಹಿಡಿಸಲಿಲ್ಲ. ಕೆಲವರಿಗೆ ಗುಳಿಗೆಯೂ ಬೇಕು, ಅದನ್ನು ಡಾಕ್ಟರು ಹೇಳಬೇಕು, ನಾನಲ್ಲ. ಇನ್ನೊಂದು: ಯೋಚನೆ ನಿಜವಾಗಿದ್ದರೆ ಅದರ ಜೊತೆ ವಾದ ಮಾಡಬಾರದು. ಬಾವಿ ಬತ್ತುತ್ತದೆ ಎಂದು ಒಬ್ಬಳು ಬರೆದಳು. ಬಗ್ಗಿ ನೋಡಿದರೆ ನಿಜವೇ. ಆಗ ಕೇಳುವ ಪ್ರಶ್ನೆ ಬೇರೆ: ಹಾಗಾದರೆ ಏನು ಮಾಡೋಣ?

ಈಗ ನಮ್ಮ ಪೆದ್ದುತನ. ಸಾವಾದ ಮನೆಯ ಮುಂದೆ ರಂಗೋಲಿ ಇಲ್ಲ ಎನ್ನುವುದು ನಿಮ್ಮ ಪದ್ಧತಿ. ಅದನ್ನು ನಾವು ಹಾಗೇ ಇಟ್ಟುಕೊಂಡೆವು. ರಂಗೋಲಿಯ ಜಾಗದಲ್ಲಿ ಮಾತು ಬಂದಿದೆ, ಆದ್ದರಿಂದ ಸಾವಾದ ಮನೆಯ ಮುಂದೆ ಮಾತೂ ಇಲ್ಲ. ನಿಮ್ಮಲ್ಲಿ ಸೂತಕ ಕಳೆದ ಮೇಲೆ ಮತ್ತೆ ಹಾಕುತ್ತಿದ್ದಿರಿ. ನಾವು ನಿಮಗಿಂತ ಮರ್ಯಾದಸ್ಥರು ನೋಡಿ, ದಿನ ಗೊತ್ತು ಮಾಡಲಿಲ್ಲ. ಮನಸ್ಸು ಬಂದಾಗ ಬರೆಯಲಿ ಎಂದು ಬಿಟ್ಟೆವು. ಹೊಸ್ತಿಲ ಮೇಲೆ ಮಾತಿಲ್ಲದಿದ್ದರೆ ಕೇಳುವಂತಿಲ್ಲ. ಹೀಗೆ ಎಲ್ಲರಿಗಿಂತ ಹೆಚ್ಚು ಯಾರನ್ನು ಕೇಳಬೇಕೋ ಅವರನ್ನೇ ಕೇಳದೆ ಬಿಡುವ ಊರಾದೆವು. ಕೆಲಸದ ಹಗ್ಗ ಮೊದಲು ಜಗ್ಗು, ಮನಸ್ಸು ಆಮೇಲೆ ಸರಿಯುತ್ತದೆ ಎಂದು ಮಕ್ಕಳಿಗೆ ಕಲಿಸುವ ನಾವೇ, ಸತ್ತವರ ಮನೆಗೆ ಮಾತ್ರ ಮನಸ್ಸು ಮೊದಲು ಬರಲಿ ಎಂದು ಕಾದೆವು.

ಪಾರವ್ವ ಜ್ವರದಿಂದ ಸತ್ತಳು. ನಾನು ಅಳಲಿಲ್ಲ. ಅಳು ಬಂದರೆ ಒಳ್ಳೆಯದಿತ್ತು. ಮಗ್ಗದ ಸದ್ದು ಹಾಸಿಗೆಯ ಕೆಳಗಿನಿಂದ ಬಂದ ಹಾಗೆ ಕೇಳುತ್ತಿತ್ತು. ರೊಟ್ಟಿಗೂ ರಟ್ಟಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ, ಆದ್ದರಿಂದ ತಿನ್ನುವುದನ್ನು ಬಿಟ್ಟೆ. ಆಕೆಯ ತಾಟು ತೊಳೆದಿಟ್ಟ ಕಡೆಯೇ ಇತ್ತು, ಎತ್ತಿಡಬೇಕು ಎಂದು ತಿಳಿಯುತ್ತಿತ್ತು, ಕೈ ಏಳುತ್ತಿರಲಿಲ್ಲ. ದುಃಖ ಎಂದು ನೀವು ಅಂದುಕೊಳ್ಳುತ್ತೀರಿ. ಅಲ್ಲ, ಅದು ಮನಸ್ಸಿನ ಮೇಲೆ ಎಳೆದು ಕಟ್ಟಿದ ಬರೀ ಬೂದು ಬಟ್ಟೆ. ನಮ್ಮ ಮನೆಯ ಮುಂದೆ ಬಂದಾಗ ಮಂದಿಯ ಚಪ್ಪಲಿಯ ಸದ್ದು ಸಣ್ಣದಾಗುತ್ತಿತ್ತು. ಬುತ್ತಿ ಇಟ್ಟು ಹೋಗುತ್ತಿದ್ದರು. ಎಲ್ಲರೂ ಒಳ್ಳೆಯವರು. ಅವರ ಒಳ್ಳೆಯತನದಲ್ಲಿ ನಾನು ದಿನದಿನಕ್ಕೆ ಒಣಗುತ್ತಿದ್ದೆ.

ಫಕೀರವ್ವ ಒಳ್ಳೆಯವಳಲ್ಲ. ನನಗೂ ಆಕೆಗೂ ಸಣ್ಣಂದಿನಿಂದ ಜಗಳ. ಒಂದು ಬೆಳಿಗ್ಗೆ ನನ್ನ ಹೊಸ್ತಿಲ ಹೊರಗೆ ಪರಪರ ಸದ್ದಾಯಿತು. ಕಿಟಕಿಯಿಂದ ನೋಡಿದರೆ ಪುಡಿಯಿಂದ ದೊಡ್ಡದಾಗಿ ಬರೆದಿತ್ತು: ಈ ಮನಿಯಾಕಿ ಸತ್ತಾಳ.

ಸತ್ತವರ ಮನೆ ಮುಂದೆ ಬರೆಯುವುದು ನಮ್ಮಲ್ಲಿ ಯಾರೂ ಮಾಡದ ಕೆಲಸ. ನಾನು ಹೇಗೆ ಎದ್ದೆನೋ ಗೊತ್ತಿಲ್ಲ, ಬಾಗಿಲಲ್ಲಿದ್ದೆ. "ಯಾವಾಕಿ ಬೇ ಇದನ್ನ ಬರದಾಕಿ? ಕೈ ಮುರದ ಕೊಡ್ತೀನಿ!"

"ನಾನ ಬರದೀನಿ," ಎಂದಳು ಫಕೀರವ್ವ, ಡಬ್ಬಿ ಕಂಕುಳಲ್ಲಿಟ್ಟುಕೊಂಡು. "ಸುಳ್ಳ ಆಗಿದ್ರ ಸಾಕ್ಷಿ ಕೊಡು."

"ನಿನ್ನ ಮುಂದ ನಿಂತೀನಲ್ಲ, ಕಣ್ಣ ಹೋಗ್ಯಾವೇನ?"

"ಈಗ ನಿಂತಿ. ನಿನ್ನೆ ನಿಂತಿದ್ದೇನ? ಮೊನ್ನೆ? ಏನರ ಉಂಡೀಯೇನ?"

"ನನ್ನ ಊಟ ತಗೊಂಡು ನಿನಗೇನಾಗಬೇಕ?"

"ಸತ್ತವರು ಉಣ್ಣೂದಿಲ್ಲ, ಅದಕ್ಕ ಕೇಳಿದೆ. ನಾಳೆ ಮತ್ತ ಬರೀತೀನಿ, ಹುಲಿಗಿ. ಬ್ಯಾಡಂದ್ರ ನಾ ಬರೂದರಾಗ ಎದ್ದು ನೀನ ಬರಿ."

ಮರುದಿನ ಆಕೆಗಿಂತ ಮುಂಚೆ ಎದ್ದೆ. ಆಸೆಯಿಂದಲ್ಲ, ಹಟದಿಂದ. ಫಕೀರಿಗೆ ಬುದ್ಧಿಯಿಲ್ಲ ಎಂದು ಬರೆದೆ. ಆಕೆ ಬಂದು ಓದಿ, "ಏನ ಸಾಕ್ಷಿ?" ಎಂದು ಕೇಳಿ ಹೋದಳು. ಹೀಗೆ ಕೆಲವು ದಿನ ಬೈಗುಳವನ್ನೇ ಬರೆದೆ. ಒಂದು ದಿನ ಬೈಗುಳ ತೀರಿತು, ಇದ್ದದ್ದನ್ನು ಬರೆದೆ: ನನಗೆ ಏನೂ ಅನಿಸುತ್ತಿಲ್ಲ. ಸಿಟ್ಟೂ ಇಲ್ಲೇನ ಎಂದಳು. ಇತ್ತು. ಮತ್ತೊಂದು ದಿನ, ನಾನು ನಕ್ಕರೆ ಪಾರವ್ವನನ್ನು ಮರೆತ ಹಾಗೆ ಎಂದು ಬರೆದೆ. "ಪಾರಿ ನಗ್ತಿದ್ದಿಲ್ಲೇನ?" ಎಂದು ಕೇಳಿದಳು. ಒಳಗೆ ಹೋಗಿ ತಾಟು ಎತ್ತಿಟ್ಟೆ. ಅಂದು ರೊಟ್ಟಿ ಸುಟ್ಟೆ, ಒಂದು ತಿಂದೆ. ಆಮೇಲೆ ಏಣಿ ಹತ್ತಿದೆ, ಕೆಳಗೆ ಹಗ್ಗವನ್ನು ಫಕೀರವ್ವ ಹಿಡಿದಳು, ಕೆಟ್ಟದಾಗಿ ಹಿಡಿಯುತ್ತಾಳೆ. ಮೊದಲಿನ ಹಾಗಾದೆ ಎಂದು ನಿಮಗೆ ಸುಳ್ಳು ಹೇಳುವುದಿಲ್ಲ. ಬೂದು ಬಟ್ಟೆ ಇನ್ನೂ ಇದೆ. ಅಲ್ಲಲ್ಲಿ ಹರಿದಿದೆ, ಬೆಳಕು ಬೀಳುತ್ತದೆ. ಈ ಒಂದು ಬಟ್ಟೆಯನ್ನು ನಾನು ಹೊಲಿಯುವುದಿಲ್ಲ.

ಈ ವರ್ಷದ ಮೊದಲ ಬೇಸಿಗೆಯಲ್ಲಿ ಆಕೆಯ ಗಂಡ ಬರಮಪ್ಪ ಹೋದ. ಮಕ್ಕಳಿಲ್ಲ. ಅಂದಿನಿಂದ ಎದುರಿನ ಹೊಸ್ತಿಲು ಬರಿದು. ಮಂದಿ ಸದ್ದಿಲ್ಲದೆ ದಾಟುತ್ತಾರೆ, ಬುತ್ತಿ ಇಡುತ್ತಾರೆ, ಸಂಜೆ ಇಟ್ಟ ಹಾಗೇ ಎತ್ತಿಕೊಂಡು ಹೋಗುತ್ತಾರೆ. ಕೇಳುವಕ್ಕನಿಗೆ ಹೇಳಿ ಕಳಿಸಿದೆ. ಆಕೆ ಬಂದಾಗ ಫಕೀರವ್ವ ಒಳಗಿನಿಂದಲೇ, "ಮನಸ್ಸ ಬಂದಾಗ ಬರ್ತೀನವ್ವ" ಎಂದಳು. ಆ ಮಾತು ಕೇಳಿ ನನಗೆ ಹೆದರಿಕೆ ಆಗಬೇಕಿತ್ತು. ಏನೂ ಆಗಲಿಲ್ಲ. ಆಗದಿದ್ದರೂ ಅದು ಹೆದರಬೇಕಾದ ಮಾತು ಎಂದು ನನಗೆ ಗೊತ್ತು. ಪಾರವ್ವ ಹೋದಾಗ ನಾನೂ ಅದೇ ಮಾತು ಆಡಿದವಳು. ನಿನ್ನೆ ಕಿಟಕಿಯಲ್ಲಿ ಕಂಡ ಆಕೆಯ ಕೈ ಕೋಲಿನ ಹಾಗಿತ್ತು.

ಏನು ಬರೆಯಲಿ ಎಂದು ಬೆಳಗಿನಿಂದ ಕೂತಿದ್ದೇನೆ. ಸತ್ತಾಳ ಎಂದು ಬರೆದರೆ ಆಗದು, ಈಗ ಆಕೆ ಹೌದು ಎಂದುಬಿಡುತ್ತಾಳೆ. ಆಕೆ ಸುಮ್ಮನಿರಲಾರದ ಮಾತು ಬೇಕು; ಅದು ಸುಳ್ಳೆಂದು ತೋರಿಸಲು ಆಕೆ ಎದ್ದು ಏನಾದರೂ ಮಾಡಲೇಬೇಕು. ಇಡೀ ಓಣಿಯಲ್ಲಿ ತನ್ನ ಗುರೆಳ್ಳು ಚಟ್ನಿಯ ಸಮ ಯಾರದೂ ಇಲ್ಲ ಎಂದು ಆಕೆಗೆ ಜನ್ಮದ ಸೊಕ್ಕು. ಆದ್ದರಿಂದ ಹೀಗೆ ಬರೆಯುತ್ತೇನೆ: ಈ ಮನಿ ಗುರೆಳ್ಳ ಚಟ್ನಿ ಕಹಿ. ಸಾಕ್ಷಿ ಕೊಡಬೇಕಾದರೆ ಆಕೆ ಒಲೆ ಹಚ್ಚಬೇಕು, ಗುರೆಳ್ಳು ಹುರಿಯಬೇಕು, ಕುಟ್ಟಬೇಕು, ಓಣಿ ದಾಟಿ ಬಂದು ನನ್ನ ಬಾಯಿಗೆ ತುರುಕಬೇಕು. ನನ್ನ ನಾಲಗೆಗೆ ರುಚಿ ಇನ್ನೂ ಪೂರ್ತಿ ತಿಳಿಯುವುದಿಲ್ಲ. ಕಹಿ ಎಂದೇ ಹೇಳುತ್ತೇನೆ. ಮರುದಿನವೂ ಕುಟ್ಟಲಿ.

ನಿಮ್ಮಲ್ಲಿ ನನ್ನದೊಂದು ಬೇಡಿಕೆ. ಸಾವಾದ ಮನೆಯ ಮುಂದೆ ಚಪ್ಪಲಿ ಸದ್ದು ಸಣ್ಣದು ಮಾಡಿ ನಡೆಯಬೇಡಿ. ಬಾಗಿಲು ಬಡಿಯಿರಿ. ಏನು ಉಂಡಿರಿ ಎಂದು ಕೇಳಿ. ಬೈಸಿಕೊಳ್ಳಿ. ಈ ಪದ್ಧತಿಯನ್ನು ನೀವೇ ಬದಲಿಸಿದರೆ ನಮಗೆ ಅದು ಬರುವುದಿಲ್ಲ, ನಾನು ಈಗ ಏಳಬೇಕಾಗಿಯೂ ಇರುವುದಿಲ್ಲ. ಬದಲಿಸಿಲ್ಲ ಎಂದು ಕಾಣುತ್ತದೆ, ಎದುರಿನ ಹೊಸ್ತಿಲು ಬರಿದಾಗಿಯೇ ಇದೆ.

ಡಬ್ಬಿಯಲ್ಲಿ ಪುಡಿ ಇದೆ. ಮನಸ್ಸು ಇನ್ನೂ ಬಂದಿಲ್ಲ. ಹೊರಟೆ.

ನೆರಳು ಹೊಲಿಯುವ ಹುಲಿಗೆವ್ವ